ಕಂಪ್ಲಿಯಲ್ಲಿ ಎಷ್ಟು ಅಕ್ಷರ?

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಬೋರ್ಡು ಓದುವ ಮಗುವನ್ನು ಕೇಳಿ: ಕಂಪ್ಲಿಯಲ್ಲಿ ಎಷ್ಟು ಅಕ್ಷರ? ಎರಡು ಎನ್ನುತ್ತದೆ. ಕಂಪ್ಯೂಟರು ಒಮ್ಮೆ 6 ಎನ್ನುತ್ತದೆ, ಇನ್ನೊಮ್ಮೆ 18. ಅದೂ ಸುಳ್ಳಲ್ಲ. ಕ, ಸೊನ್ನೆ, ಪ, ಒತ್ತು ಕೂಡಿಸುವ ಚಿಹ್ನೆ, ಲ, ಗುಡಿಸು: ಯೂನಿಕೋಡ್ ಸಂಕೇತಗಳು 6. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್.

ಪ್ರೋಗ್ರಾಮಿಂಗ್ ಭಾಷೆಯ ಇಂಟರ್‌ಪ್ರಿಟರ್‌ಗೆ ಸಾಲು ತಿದ್ದುವ ಅನುಕೂಲ ಸೇರಿಸಲು ಕುಳಿತವರಿಗೆ ಈ ಲೆಕ್ಕ ಎದುರಾಗುತ್ತದೆ. 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ ಭಾಷೆಯನ್ನೇ ನೋಡಿ. ಹೊರಗಿನ ನೆರವಿಲ್ಲದಿದ್ದರೆ ಅದು ಸಿ ಭಾಷೆಯ ‘ಎಫ್‌ಗೆಟ್ಸ್’ನಿಂದ ಇಡೀ ಸಾಲನ್ನು ಒಟ್ಟಿಗೆ ಪಡೆಯುತ್ತದೆ. ಎಂಟರ್ ಒತ್ತುವ ತನಕ ಸಾಲು ಟರ್ಮಿನಲ್ಲಿನ ವಶದಲ್ಲಿರುತ್ತದೆ. ಅದು ಕೊನೆಯಿಂದ ಅಳಿಸಬಲ್ಲದು; ನಡುವೆ ಹೋಗಿ ತಿದ್ದಲು ಬಿಡದು. ಬಾಣದ ಕೀಲಿ ಒತ್ತಿದರೆ ಅರ್ಥವಾಗದ ಚಿಹ್ನೆಗಳು ಮೂಡುತ್ತವೆ.

ಪರಿಹಾರ ಚಿಕ್ಕದು. ಬ್ರಯಾನ್ ಫಾಕ್ಸ್ ಬರೆದ, ಈಗ ಚೆಟ್ ರಾಮಿ ನೋಡಿಕೊಳ್ಳುವ ಗ್ನೂ ರೀಡ್‌ಲೈನ್ ಲೈಬ್ರರಿ ಇದೆ. ಎಫ್‌ಗೆಟ್ಸ್ ಇದ್ದಲ್ಲಿ ರೀಡ್‌ಲೈನನ್ನು ಕರೆಯಬೇಕು, ಬಂದ ಸಾಲನ್ನು ಇತಿಹಾಸಕ್ಕೆ ಸೇರಿಸಬೇಕು, ಬಳಸಿದ ಮೆಮೊರಿ ಬಿಡಬೇಕು. ಲುವಾದ ಆಕರದಲ್ಲಿ ಈ ಮೂರಕ್ಕೂ ಮೊದಲೇ ಜಾಗವಿದೆ. ರೀಡ್‌ಲೈನಿನ ಜಿಪಿಎಲ್ ಪರವಾನಗಿಯ ಷರತ್ತು ಮಾತ್ರ ಮರೆಯುವಂತಿಲ್ಲ: 1992ರಲ್ಲಿ ಸಿಲಿಸ್ಪ್ ಎಂಬ ಇಂಟರ್‌ಪ್ರಿಟರ್ ರೀಡ್‌ಲೈನ್ ಬಳಸಿದ ಕಾರಣಕ್ಕೇ ತಾನೂ ಜಿಪಿಎಲ್ ಆಯಿತು.

ಇಂಗ್ಲಿಷಿಗೆ ಕೆಲಸ ಇಲ್ಲಿಗೆ ಮುಗಿಯಿತು. ಕನ್ನಡಕ್ಕೆ ಇಲ್ಲಿಂದ ಶುರು. ಪ್ರತಿ ಸಂಕೇತ ಪರದೆಯ ಮೇಲೆ ಎಷ್ಟು ಅಗಲ ಎಂಬುದರಲ್ಲಿ ಲೈಬ್ರರಿಗೂ ಟರ್ಮಿನಲ್ಲಿಗೂ ಹೊಂದಿಕೆ ತಪ್ಪಿದರೆ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಎಲ್ಲಿ ಒಂದು ಅಕ್ಷರ ಮುಗಿಯಿತು ಎಂಬುದೂ ತಕರಾರೇ. ಒತ್ತಕ್ಷರವನ್ನು ಒಡೆಯದಿರುವ ನಿಯಮ ಯೂನಿಕೋಡ್‌ಗೆ ಬಂದದ್ದು 2023ರ 15.1 ಆವೃತ್ತಿಯಲ್ಲಿ. ಆಗಿನ ಪಟ್ಟಿಯಲ್ಲಿ ತೆಲುಗು, ಮಲಯಾಳಂ, ದೇವನಾಗರಿ ಇದ್ದವು, ಕನ್ನಡ ಇರಲಿಲ್ಲ. ಆ ಲೆಕ್ಕದಲ್ಲಿ ಕಂಪ್ಲಿ ಮೂರು ತುಂಡು: ಕಂ, ಪ್, ಲಿ.

ಹಾಗೆಂದು ಎಲ್ಲವನ್ನೂ ಅಕ್ಷರದ ಲೆಕ್ಕದಲ್ಲೇ ಮಾಡಿದರೆ ಬೇರೆ ಕಿರಿಕಿರಿ. ‘ಕಂಪ್ಲೆ’ ಎಂದು ಬೆರಳು ತಪ್ಪಿದವರಿಗೆ ಎತ್ವವೊಂದು ಹೋದರೆ ಸಾಕು. ಇಡೀ ಒತ್ತಕ್ಷರ ಹೋದರೆ ಮತ್ತೆ ಒತ್ತಬೇಕು. ಆದ್ದರಿಂದ ಬಾಣ ಅಕ್ಷರದಿಂದ ಅಕ್ಷರಕ್ಕೆ ನಡೆಯಲಿ, ಬ್ಯಾಕ್‌ಸ್ಪೇಸ್ ಕೊನೆಯ ಚಿಹ್ನೆಯನ್ನಷ್ಟೇ ಅಳಿಸಲಿ.

ಪರೀಕ್ಷೆಗೆ ನಮ್ಮೂರ ಹೆಸರುಗಳೇ ಸಾಕು. ಹಂಪಿಗೆ ಬಾಣ ಎರಡು ಸಲ, ಸಂಡೂರಿಗೆ ಮೂರು, ಹೊಸಪೇಟೆಗೆ ನಾಲ್ಕು. ಕಂಪ್ಲಿ ದಾಟಲು ಮೂರು ಸಲ ಒತ್ತಬೇಕಾಗಿ ಬಂದರೆ ಆಕರವನ್ನು ಇನ್ನೊಮ್ಮೆ ತೆರೆಯಿರಿ.