ಗೋಲು ಹೊಡೆಯುವವ ಹಾಸಿಗೆ ಹಿಡಿದಾಗ

ಆಟದ ಸಿನಿಮಾ ಅಂದರೆ ಅದರ ಕೊನೆ ನಮಗೆ ಮೊದಲೇ ಗೊತ್ತಿರುತ್ತದೆ. ಕೊನೆಯ ಓವರು, ಕೊನೆಯ ಪೆನಾಲ್ಟಿ, ಯಾರೂ ಲೆಕ್ಕಕ್ಕಿಡದ ತಂಡ ಗೆದ್ದುಬಿಡುವ ಗಳಿಗೆ. 2001ರ ‘ಲಗಾನ್’, 2007ರ ‘ಚಕ್ ದೇ ಇಂಡಿಯಾ’ ಎರಡೂ ಇದೇ ದಾರಿಯಲ್ಲಿ ನಡೆದು ನಮ್ಮನ್ನು ಉಸಿರು ಬಿಗಿಹಿಡಿದು ಕೂರಿಸಿದವು. 2018ರ ಮಾರ್ಚ್‌ನಲ್ಲಿ ತೆರೆಕಂಡ ಮಲಯಾಳದ ‘ಸುಡಾನಿ ಫ್ರಮ್ ನೈಜೀರಿಯಾ’ದಲ್ಲೂ ಒಂದು ತಂಡವಿದೆ, ಟೂರ್ನಿಯಿದೆ, ಕೂಗಾಡುವ ಜನರಿದ್ದಾರೆ. ಆದರೆ ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೇ ತಂಡದ ಅತ್ಯುತ್ತಮ ಆಟಗಾರ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಬಹುಪಾಲು ಅವನು ಮಂಚದ ಮೇಲೆ. ನಗುವೂ ಕಣ್ಣೀರೂ ಹುಟ್ಟುವುದು ಆ ಮಂಚದ ಸುತ್ತಲೇ.

ನಿರ್ದೇಶಕ ಝಕರಿಯಾ ಅವರಿಗೆ ಇದು ಮೊದಲ ಚಿತ್ರ. ಮಲಪ್ಪುರಂ ಜಿಲ್ಲೆ ಅವರ ಸ್ವಂತ ನೆಲ. ಮುಹ್ಸಿನ್ ಪರಾರಿ ಜೊತೆ ಸೇರಿ ಬರೆದ ಚಿತ್ರಕಥೆಯಲ್ಲಿ ಅಲ್ಲಿನ ಮಾಪಿಳ್ಳ ಮನೆಗಳ ಮಾತು, ಜಗುಲಿ, ಚಹಾ, ಸಾಲ, ಫುಟ್‌ಬಾಲ್ ಹುಚ್ಚು ಎಲ್ಲ ಯಾವ ವಿವರಣೆಯೂ ಇಲ್ಲದೆ ಬಂದು ಕೂತಿವೆ. ಸೌಬಿನ್ ಶಾಹಿರ್ ಮಾಡಿರುವ ಮಜೀದ್, ‘ಎಂವೈಸಿ ಅಕ್ಕೋಡ್’ ಎಂಬ ಸೆವೆನ್ಸ್ ತಂಡದ ಮ್ಯಾನೇಜರು. ಲಾಗೋಸ್‌ನ ಯುವ ನಟ ಸ್ಯಾಮ್ಯುಯೆಲ್ ಅಬಿಯೋಲಾ ರಾಬಿನ್ಸನ್ ಮಾಡಿರುವ ಸ್ಯಾಮ್ಯುಯೆಲ್, ಆ ತಂಡಕ್ಕೆ ದುಡ್ಡು ಕೊಟ್ಟು ಕರೆಸಿಕೊಂಡ ನೈಜೀರಿಯಾದ ಆಟಗಾರ. ಆಫ್ರಿಕಾದ ಯಾವ ದೇಶದಿಂದ ಬಂದರೂ ಅಲ್ಲಿನ ಜನರ ಬಾಯಲ್ಲಿ ಅವರೆಲ್ಲ ಸುಡಾನಿಗಳೇ, ಸಿನಿಮಾಕ್ಕೆ ಆ ಹೆಸರು ಬಂದದ್ದು ಹಾಗೆ.

ಸೆವೆನ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಮಲಬಾರಿನಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಬೆಳೆದ ಆಟ ಇದು. ಒಂದು ಕಡೆಗೆ ಏಳು ಜನ, ಚಿಕ್ಕ ಮೈದಾನ, ಹಾಗಾಗಿ ಚೆಂಡು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಮಳೆ ನಿಂತ ಮೇಲೆ ನವೆಂಬರ್ ಹೊತ್ತಿಗೆ ಸೀಸನ್ ಶುರುವಾದರೆ ಮುಂದಿನ ಮಳೆಗಾಲ ಹತ್ತಿರ ಬರುವವರೆಗೂ ರಾತ್ರಿ ರಾತ್ರಿ ಫ್ಲಡ್‌ಲೈಟಿನಡಿ ಪಂದ್ಯಗಳು. ಬಿದಿರು, ಅಡಿಕೆ ಮರದ ಕಂಬ ಕಟ್ಟಿ ನಿಲ್ಲಿಸಿದ ತಾತ್ಕಾಲಿಕ ಗ್ಯಾಲರಿಯಲ್ಲಿ ಸಾವಿರಾರು ಜನ ಟಿಕೆಟ್ ಕೊಟ್ಟು ಕೂರುತ್ತಾರೆ. ಟೂರ್ನಿಯಲ್ಲಿ ಉಳಿದ ದುಡ್ಡು ಎಷ್ಟೋ ಸಲ ಊರಿನ ಪಾಲಿಯೇಟಿವ್ ಕ್ಲಿನಿಕ್ಕಿಗೋ ಬಡ ರೋಗಿಯ ಚಿಕಿತ್ಸೆಗೋ ಹೋಗುತ್ತದೆ. ಈ ಆಟಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಇಲ್ಲ. ಗ್ಯಾಲರಿಗಳು ಗಟ್ಟಿಯಾಗಿರುತ್ತವೆ ಎಂಬ ಭರವಸೆಯೂ ಇಲ್ಲ. 2022ರ ಮಾರ್ಚ್‌ನಲ್ಲಿ ಮಲಪ್ಪುರಂನ ಪೂಂಗೋಡಿನಲ್ಲಿ ಫೈನಲ್ ದಿನವೇ ಗ್ಯಾಲರಿ ಕುಸಿದು ಬಹಳ ಜನ ಗಾಯಗೊಂಡರು.

ಆ ನೆಲದಲ್ಲಿ ಫುಟ್‌ಬಾಲ್ ಎಷ್ಟು ಆಳಕ್ಕಿಳಿದಿದೆ ಅನ್ನುವುದನ್ನು ಕರ್ನಾಟಕದ ತಂಡ ಹತ್ತಿರದಿಂದಲೇ ಕಂಡಿದೆ. ಪೂಂಗೋಡಿನ ಘಟನೆ ನಡೆದು ತಿಂಗಳೊಪ್ಪತ್ತಿನಲ್ಲಿ, ಅದೇ ಜಿಲ್ಲೆಯ ಮಂಜೇರಿಯ ಪಯ್ಯನಾಡ್ ಕ್ರೀಡಾಂಗಣದಲ್ಲಿ ಕೇರಳದ ಎದುರು ಸಂತೋಷ್ ಟ್ರೋಫಿ ಸೆಮಿಫೈನಲ್. ಕರ್ನಾಟಕ ಮೊದಲು ಗೋಲು ಹೊಡೆದಿತ್ತು. ಬದಲಿ ಆಟಗಾರನಾಗಿ ಇಳಿದ ಮಲಪ್ಪುರಂನದೇ ಹುಡುಗ ಜೆಸಿನ್ ಒಬ್ಬನೇ ಐದು ಗೋಲು ಹೊಡೆದು ಪಂದ್ಯವನ್ನು 7-3ಕ್ಕೆ ಮುಗಿಸಿದ. ನಮ್ಮ ಗಡಿಗೆ ಅಂಟಿಕೊಂಡ ಕಾಸರಗೋಡು ಜಿಲ್ಲೆಯದೂ ಇದೇ ಕಥೆ. 2016ರ ಐಎಸ್ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ತಲೆಯಲ್ಲಿ ಚೆಂಡು ಗುದ್ದಿ ಗೋಲು ಮಾಡಿದ ಮೊಹಮ್ಮದ್ ರಾಫಿ ಆ ಜಿಲ್ಲೆಯ ತೃಕ್ಕರಿಪುರದವರು.

ಇಂಥ ಊರುಗಳಲ್ಲಿ ಆಡುವವರ ಹೆಸರು ಎಲ್ಲರಿಗೂ ಗೊತ್ತು. ಆಡಿಸುವವನ ಪಾಡು ಕೇಳುವವರು ಕಡಿಮೆ. ‘ಸುಡಾನಿ’ಯ ದೊಡ್ಡತನ ಇರುವುದು ಇಲ್ಲಿ ಎಂದು ನನಗನಿಸುತ್ತದೆ: ಈ ಸಿನಿಮಾ ಕ್ಯಾಮೆರಾವನ್ನು ಮ್ಯಾನೇಜರನ ಕಡೆಗೆ ತಿರುಗಿಸಿತು. ಮಜೀದ್‌ಗೆ ಮ್ಯಾಚ್ ಇದ್ದ ದಿನ ಆಟಗಾರರನ್ನು ಮೈದಾನ ಮುಟ್ಟಿಸುವ ಚಿಂತೆ, ಮ್ಯಾಚ್ ಇಲ್ಲದ ದಿನ ಸಾಲದ ಚಿಂತೆ. ಮದುವೆಯಾಗುವ ಆಸೆಯೂ ಇದೆ. ಹೆಣ್ಣು ನೋಡಲು ಹೋದ ಕಡೆಯೆಲ್ಲ ‘ಏನು ಕೆಲಸ’ ಎಂಬ ಪ್ರಶ್ನೆ ಬರುತ್ತದೆ. ಫುಟ್‌ಬಾಲ್ ಟೀಮು ನಡೆಸುತ್ತೇನೆ ಅನ್ನುವುದನ್ನು ಯಾವ ಹೆಣ್ಣಿನ ಮನೆಯವರೂ ಕೆಲಸ ಎಂದು ಒಪ್ಪುವುದಿಲ್ಲ. ಈ ಪ್ರಸಂಗಗಳಲ್ಲಿ ಸೌಬಿನ್ ನಗಿಸಲು ಏನನ್ನೂ ಮಾಡುವುದಿಲ್ಲ. ತುಸು ಕುಗ್ಗಿದ ಭುಜ, ಅರ್ಧಕ್ಕೇ ನಿಲ್ಲುವ ಮಾತು, ಅವಮಾನ ಆದಾಗ ಬೇರೆ ಕಡೆ ಹೊರಳುವ ಕಣ್ಣು, ಇಷ್ಟರಲ್ಲೇ ನಗು ಬರುತ್ತದೆ. ನಕ್ಕ ಮರುಗಳಿಗೆಯೇ ಅವನ ಬಗ್ಗೆ ಪಾಪ ಅನಿಸುತ್ತದೆ. ಯಾವ ಊರಿನ ಯುವಕ ಮಂಡಲದಲ್ಲೂ ಇಂಥವನೊಬ್ಬ ಇರುತ್ತಾನೆ. ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗುವವನು, ಟ್ರೋಫಿ ಗೆದ್ದ ರಾತ್ರಿ ಫೋಟೊದ ಮೂಲೆಯಲ್ಲಿ ನಿಲ್ಲುವವನು.

ಆಸ್ಪತ್ರೆಯ ಖರ್ಚು ಕೈಮೀರಿದಾಗ ಮಜೀದ್ ಸ್ಯಾಮ್ಯುಯೆಲ್‌ನನ್ನು ತನ್ನ ಮನೆಗೇ ಕರೆತರುತ್ತಾನೆ. ಕ್ಲಬ್ಬಿನ ಹೊಣೆ ಮನೆಯ ಹೊಣೆಯಾಗುವುದು ಆ ಹೊತ್ತಿನಲ್ಲಿ. ಮನೆಯಲ್ಲಿ ತಾಯಿ (ಅಲ್ಲಿನ ಮಾತಿನಲ್ಲಿ ಉಮ್ಮ) ಜಮೀಲಾ, ಪಕ್ಕದಲ್ಲೇ ಆಕೆಯ ಜೀವದ ಗೆಳತಿ ಬೀಯುಮ್ಮ. ಇಬ್ಬರಿಗೂ ಇಂಗ್ಲಿಷ್ ಬಾರದು. ಹುಡುಗನಿಗೆ ಮಲಯಾಳ ಬಾರದು. ಅವರು ತಮ್ಮ ಭಾಷೆಯಲ್ಲೇ ಎಗ್ಗಿಲ್ಲದೆ ಮಾತಾಡುತ್ತಾರೆ, ಉಣ್ಣಿಸುತ್ತಾರೆ, ಗದರುತ್ತಾರೆ. ಅವನು ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಾನೆ. ಮಾತು ಅರ್ಥವಾಗದ ಇಬ್ಬರನ್ನು ಎದುರುಬದುರು ಕೂರಿಸಿ ಅಗ್ಗದ ನಗು ಎಬ್ಬಿಸುವುದು ಸುಲಭವಿತ್ತು. ಝಕರಿಯಾ ಹಾಗೆ ಮಾಡಲಿಲ್ಲ. ಬಂದ ಹುಡುಗನ ಮೈಬಣ್ಣವನ್ನಾಗಲಿ ಈ ಹೆಂಗಸರ ತಿಳಿವಳಿಕೆಯನ್ನಾಗಲಿ ಒಂದು ಕಡೆಯೂ ಲೇವಡಿಗೆ ಬಳಸಲಿಲ್ಲ. ಮಂಚದ ಬಳಿ ಕೂತ ಉಮ್ಮನಿಗೆ ಎದುರಿಗಿರುವುದು ಹೊಟ್ಟೆಗೆ ಏನಾದರೂ ಹಾಕಬೇಕಾದ, ಮೈಗೆ ಹುಷಾರಿಲ್ಲದ ಒಂದು ಮಗು. ಹಾಸ್ಯ ಅಲ್ಲಿಂದ ತಾನಾಗಿ ಉಕ್ಕುತ್ತದೆ.

ಜಮೀಲಾ ಆಗಿ ನಟಿಸಿದ ಸಾವಿತ್ರಿ ಶ್ರೀಧರನ್, ಬೀಯುಮ್ಮ ಆಗಿ ನಟಿಸಿದ ಸರಸಾ ಬಾಲುಶ್ಶೇರಿ ಇಬ್ಬರೂ ಕೋಯಿಕ್ಕೋಡ್ ಕಡೆಯ ನಾಟಕರಂಗದಲ್ಲಿ ದಶಕಗಳ ಕಾಲ ಪಳಗಿದವರು. ವೇದಿಕೆಯ ಮೇಲೆ ಕೊನೆಯ ಸಾಲಿಗೂ ಕೇಳಿಸುವಂತೆ ಮಾತಾಡಿ ಅಭ್ಯಾಸವಾದ ದನಿಯನ್ನು ಅಡುಗೆಮನೆಯ ಅಳತೆಗೆ ಇಳಿಸುವುದು ಸಣ್ಣ ಕೆಲಸವಲ್ಲ. ಸಾವಿತ್ರಿಯವರು ಅದನ್ನು ಮಾಡಿರುವ ಬಗೆ ನೋಡಿ. ಮಗನ ಮೇಲಿನ ಸಿಟ್ಟನ್ನೂ ಬೇರೆ ದೇಶದ ಹುಡುಗನ ಮೇಲಿನ ಮರುಕವನ್ನೂ ಒಂದೇ ದೃಶ್ಯದಲ್ಲಿ ಹಿಡಿದು, ಯಾವುದನ್ನೂ ಎತ್ತಿ ತೋರಿಸದೆ ದಾಟಿಬಿಡುತ್ತಾರೆ. 2018ರ ಸಾಲಿನ ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಪೋಷಕ ನಟಿಯ ಗೌರವವನ್ನು ಇಬ್ಬರಿಗೂ ಹಂಚಿದ್ದು ನ್ಯಾಯವಾಗಿತ್ತು. ಸಾವಿತ್ರಿಯವರಿಗೆ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖವೂ ಸಿಕ್ಕಿತು, ಸಿನಿಮಾ ಅತ್ಯುತ್ತಮ ಮಲಯಾಳ ಚಿತ್ರವಾಯಿತು. ಸೌಬಿನ್ ಆ ವರ್ಷದ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿಯನ್ನು ಜಯಸೂರ್ಯ ಜೊತೆ ಹಂಚಿಕೊಂಡರು.

ಇದೇ ಮನೆಯಲ್ಲಿ ಇನ್ನೊಂದು ಗಾಯವಿದೆ, ಡಾಕ್ಟರಿಗೆ ತೋರಿಸಲಾಗದ್ದು. ಜಮೀಲಾ ಎರಡನೇ ಮದುವೆಯಾದವಳು. ಆ ಮಲತಂದೆಯನ್ನು ಮಜೀದ್ ಅಪ್ಪ ಎಂದು ಒಪ್ಪಿಲ್ಲ, ಮುಖ ಕೊಟ್ಟು ಮಾತೂ ಆಡುವುದಿಲ್ಲ. ಕೆ.ಟಿ.ಸಿ. ಅಬ್ದುಲ್ಲಾ ಆ ಮುದುಕನ ಪಾತ್ರದಲ್ಲಿ ಹೆಚ್ಚು ಮಾತಾಡುವುದೇ ಇಲ್ಲ. ಎಲ್ಲಿಂದಲೋ ಬಂದ ಸ್ಯಾಮ್ಯುಯೆಲ್‌ಗೆ ಮಂಚ ಬಿಟ್ಟುಕೊಟ್ಟ ಮಗ, ತಾಯಿಯ ಗಂಡನಿಗೆ ಮನೆಯಲ್ಲಿ ಜಾಗ ಕೊಡಲಾರ. ಚಿತ್ರ ಇದನ್ನು ಯಾರ ಬಾಯಲ್ಲೂ ಹೇಳಿಸುವುದಿಲ್ಲ, ನಾವೇ ಕಾಣುತ್ತೇವೆ. ಸ್ಯಾಮ್ಯುಯೆಲ್‌ಗೆ ಅಪ್ಪ ಅಮ್ಮ ಇಲ್ಲ, ಯುದ್ಧ ಅವರನ್ನು ತಿಂದುಹಾಕಿದೆ. ಅಜ್ಜಿ, ತಂಗಿಯರಿಗಾಗಿ ಅವನು ಆಡಲು ಬಂದಿದ್ದಾನೆ. ಅಜ್ಜಿ ತೀರಿಕೊಂಡ ಸುದ್ದಿ ಬಂದು, ಊರಿಗೆ ಹೊರಡಬೇಕೆಂದರೆ ಪಾಸ್‌ಪೋರ್ಟಿನ ತೊಡಕು. ಇಲ್ಲಿಂದ ಕಥೆ ಗಂಭೀರವಾಗುತ್ತದೆ, ಸ್ವಲ್ಪ ಎಳೆದಂತೆಯೂ ಆಗುತ್ತದೆ. ಪೊಲೀಸು, ಕಾಗದಪತ್ರಗಳ ಓಡಾಟದಲ್ಲಿ ಮೊದಲರ್ಧದ ಲವಲವಿಕೆ ತಗ್ಗಿದ್ದು ನಿಜ. ಆದರೂ ತನ್ನವರನ್ನು ಕಳೆದುಕೊಂಡ ಹುಡುಗನ ಜೊತೆ ಇದ್ದೂ ಇದ್ದೂ ಮಜೀದ್ ಮಲತಂದೆಯ ಬಳಿ ತಾನಾಗಿ ಹೋಗುವಷ್ಟು ಬದಲಾಗುವುದನ್ನು ನಂಬುವಂತೆ ತೋರಿಸಿದ್ದಾರೆ. ಅಬ್ದುಲ್ಲಾ ಅವರು ಸಿನಿಮಾ ಬಿಡುಗಡೆಯಾದ ವರ್ಷದ ನವೆಂಬರ್‌ನಲ್ಲೇ ತೀರಿಕೊಂಡರು.

ಇಷ್ಟು ಮೆಚ್ಚಿದ ಸಿನಿಮಾದ ಬಗ್ಗೆ ಮನಸ್ಸಿಗೆ ಕಸಿವಿಸಿಯಾದ ಸಂಗತಿಯನ್ನೂ ಹೇಳಬೇಕು. ಚಿತ್ರ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಸ್ಯಾಮ್ಯುಯೆಲ್ ರಾಬಿನ್ಸನ್, ತನಗೆ ಇಲ್ಲಿನ ನಟರಿಗಿಂತ ತೀರಾ ಕಡಿಮೆ ಸಂಭಾವನೆ ಕೊಟ್ಟರು, ಅದಕ್ಕೆ ತನ್ನ ಬಣ್ಣ ಕಾರಣ ಎಂದು ಬಹಿರಂಗವಾಗಿ ದೂರಿದರು. ಒಪ್ಪಂದದಂತೆಯೇ ಕೊಟ್ಟಿದ್ದೇವೆ ಎಂದರು ನಿರ್ಮಾಪಕರಾದ ಸಮೀರ್ ತಾಹಿರ್ ಮತ್ತು ಶೈಜು ಖಾಲಿದ್. ಕೊನೆಗೆ ಹೆಚ್ಚಿನ ಹಣ ಸಂದಾಯವಾಗಿ, ರಾಬಿನ್ಸನ್ ಆರೋಪ ವಾಪಸ್ ಪಡೆದರು. ವಿಷಯ ಮುಗಿಯಿತು ಎಂದು ಎಲ್ಲರೂ ಸುಮ್ಮನಾದರು. ನನಗೆ ಮಾತ್ರ ಅದು ಸಿನಿಮಾದ ಹೊರಗಿನ ಸಂಗತಿ ಅನಿಸಲಿಲ್ಲ. ತನ್ನ ದೇಶ ಬಿಟ್ಟು ಬಂದ ಹುಡುಗನಿಗೆ ಇಲ್ಲಿನ ದರ ಗೊತ್ತಿರುವುದಿಲ್ಲ, ಕೇಳಬೇಕಾದವರು ಯಾರೆಂದೂ ಗೊತ್ತಿರುವುದಿಲ್ಲ. ಮೈದಾನಕ್ಕೆ ಬರುವ ಆಟಗಾರನದೂ ಇದೇ ಸ್ಥಿತಿ.

2024ರ ಮಾರ್ಚ್‌ನಲ್ಲಿ ಅದೇ ಮಲಪ್ಪುರಂನ ಅರೀಕೋಡ್ ಬಳಿ ಸೆವೆನ್ಸ್ ಪಂದ್ಯವೊಂದರಲ್ಲಿ ಐವರಿ ಕೋಸ್ಟ್‌ನ ಆಟಗಾರನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣ ಹಿಡಿದು ಬೈದರು ಎಂದು ಅವನು ಪೊಲೀಸರಿಗೆ ದೂರು ಕೊಟ್ಟ. ಆ ವಿಡಿಯೊ ನೋಡಿದವರಲ್ಲಿ ‘ಸುಡಾನಿ’ಯನ್ನು ಥಿಯೇಟರಿನಲ್ಲಿ ಚಪ್ಪಾಳೆ ಹೊಡೆದು ನೋಡಿದವರೂ ಖಂಡಿತ ಇದ್ದರು. ಉಮ್ಮ ಉಣ್ಣಿಸಿದ್ದು ಸುಳ್ಳಲ್ಲ, ಗ್ಯಾಲರಿಯಿಂದ ಬಂದ ಏಟೂ ಸುಳ್ಳಲ್ಲ. ಪ್ರತಿ ನವೆಂಬರಿಗೂ ಹೊಸ ಹುಡುಗರು ಆಡಲು ಬರುತ್ತಲೇ ಇರುತ್ತಾರೆ. ಅವರನ್ನು ಕರೆಸುವ ಕ್ಲಬ್ಬುಗಳು ಸಂಭಾವನೆಯನ್ನು ಕಾಗದದ ಮೇಲೆ ಬರೆದು ಕೊಡಬೇಕು, ಪೆಟ್ಟಾದರೆ ಆಸ್ಪತ್ರೆಯ ಖರ್ಚಿಗೆ ವಿಮೆ ಮಾಡಿಸಬೇಕು, ಪಾಸ್‌ಪೋರ್ಟ್ ಆಟಗಾರನ ಕೈಯಲ್ಲೇ ಇರಬೇಕು, ಗ್ಯಾಲರಿಯಿಂದ ಮೈದಾನಕ್ಕೆ ಜನ ನುಗ್ಗದಂತೆ ಕಾವಲು ಹಾಕಬೇಕು. ಇದೆಲ್ಲವನ್ನೂ ಒಬ್ಬ ಮಜೀದನ ಒಳ್ಳೆಯ ಮನಸ್ಸಿಗೆ ಬಿಟ್ಟರೆ ನಡೆಯದು, ಅವನ ಜೇಬಿನಲ್ಲಿ ಮೊದಲೇ ದುಡ್ಡಿಲ್ಲ. ಟೂರ್ನಿ ನಡೆಸುವ ಸಮಿತಿಗಳು ಟಿಕೆಟ್ ದುಡ್ಡಿನಲ್ಲೇ ಇದಕ್ಕೆ ಮೊದಲ ಪಾಲು ಎತ್ತಿಡಬೇಕು.