ಪಾಸ್‌ಪೋರ್ಟಿನಲ್ಲಿ ಹಾಸನ, ಕಾರ್ಡಿನಲ್ಲಿ ಕೊನೆಯ ದಿನಾಂಕ

ದುಬೈಯ ಯಾವ ಕೌಂಟರಿನಲ್ಲಿ ಪಾಸ್‌ಪೋರ್ಟ್ ಚಾಚಿದರೂ ನಮಗೊಂದು ತಮಾಷೆ ಕಾದಿರುತ್ತದೆ. ಹುಟ್ಟಿದ ಊರು ಅನ್ನುವ ಕಡೆ ಇಂಗ್ಲಿಷಿನಲ್ಲಿ ಬರೆದ 'ಹಾಸನ'ವನ್ನು ಅರಬ್ ಗುಮಾಸ್ತ 'ಹಸನ್' ಅಂತ ಓದುತ್ತಾನೆ. ಇದು ನಿನ್ನ ತಂದೆಯ ಹೆಸರಲ್ಲವೇ, ಊರಿನ ಜಾಗದಲ್ಲಿ ಯಾಕೆ ಬಂತು ಅಂತ ಕೇಳುತ್ತಾನೆ. ಅಲ್ಲ, ಅದು ಊರೇ ಅಂದರೆ ಒಂದು ಗಳಿಗೆ ಮುಖ ನೋಡಿ ನಗುತ್ತಾನೆ. ಅರಬಿಯಲ್ಲಿ ಹಸನ್ ಅಂದರೆ ಒಳ್ಳೆಯದು, ಚೆಂದದ್ದು. ಹಾಗಾದರೆ ಊರು ಚೆಂದವೇ ಇರಬೇಕು ಅಂತ ಕಾಗದ ಮುಂದೆ ತಳ್ಳುತ್ತಾನೆ. ಅದು ಹಾಸನಾಂಬೆಯ ಹೆಸರಿನ ಊರು, ಆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಮಾತ್ರ ತೆರೆಯುತ್ತದೆ, ಆಗ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತೆಲ್ಲ ಹೇಳುವಷ್ಟು ಅರಬಿ ನಮ್ಮಲ್ಲಿಲ್ಲ. ಇದ್ದರೂ ಹಿಂದಿನ ಸಾಲಿನವರು ಬಿಡಬೇಕಲ್ಲ.

ಇಲ್ಲಿ ನಾವು ಅಂದರೆ ನಾಲ್ಕು ಜನ. ಒಬ್ಬರು ಹಾಸನದವರು, ಒಬ್ಬರು ಹೊಳೆನರಸೀಪುರದವರು, ಒಬ್ಬರು ಅರಕಲಗೂಡಿನವರು, ಇನ್ನೊಬ್ಬರು ಚನ್ನರಾಯಪಟ್ಟಣದವರು. ಮೊದಲಿನಿಬ್ಬರ ಅಜ್ಜಂದಿರು ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಅಲ್ಲೇ ನಿಂತ ಬ್ಯಾರಿಗಳು. ಅರಕಲಗೂಡಿನವರದು ಉರ್ದು ಮನೆ. ಚನ್ನರಾಯಪಟ್ಟಣದವರು ಗೌಡರು. ಊರಲ್ಲಿದ್ದಿದ್ದರೆ ನಾವು ನಾಲ್ವರೂ ಪರಿಚಯ ಆಗುತ್ತಿದ್ದೆವೋ ಇಲ್ಲವೋ. ನಮ್ಮ ಊರುಗಳ ನಡುವೆ ಇರುವುದು ಮೂವತ್ತು ನಲವತ್ತು ಕಿಲೋಮೀಟರು, ಆದರೆ ಅಷ್ಟು ದೂರ ದಾಟಿಸಲು ಸಮುದ್ರವೇ ಬೇಕಾಯಿತು. ಹೆಸರಿಗಿಂತ ಊರೇ ಇಲ್ಲಿ ನಮ್ಮ ಗುರುತು. "ಅರಕಲಗೂಡು ಬಂತಾ?" ಅಂತ ಕೇಳುತ್ತೇವೆ.

ಭಾಷೆಯ ವಿಷಯದಲ್ಲಿ ನಾವು ಹಾಸನದವರು ಇಲ್ಲಿಗೆ ಮೊದಲೇ ತಯಾರಾಗಿ ಬಂದವರು ಅಂತ ಹೇಳಬಹುದು. ಮನೆಯಲ್ಲಿ ಉಮ್ಮನ ಜೊತೆ ಬ್ಯಾರಿ, ಪೆನ್ಷನ್ ಮೊಹಲ್ಲಾದ ಗೆಳೆಯರ ಜೊತೆ ಉರ್ದು, ಶಾಲೆಯಲ್ಲೂ ಸಂತೇಪೇಟೆಯಲ್ಲೂ ಕನ್ನಡ. ಇಲ್ಲಿ ಬ್ಯಾರಿಯನ್ನು ಸ್ವಲ್ಪ ತಿರುಗಿಸಿದರೆ ಮಲಯಾಳಿಯ ಕಿರಾಣಿ ಅಂಗಡಿಯಲ್ಲಿ ಸಾಲ ಸಿಗುತ್ತದೆ. ಉರ್ದು ಇದ್ದರೆ ಪೇಶಾವರದ ಟ್ಯಾಕ್ಸಿಯವನ ಜೊತೆ ಕ್ರಿಕೆಟ್ ಮಾತಾಡಬಹುದು. ಕನ್ನಡಕ್ಕೆ ಮಾತ್ರ ಇಲ್ಲಿ ಯಾವ ಉದ್ಯೋಗವೂ ಇಲ್ಲ. ಆದರೆ ಲೆಕ್ಕ ಹಾಕುವುದು, ಬೈಯುವುದು, ನೋವಾದರೆ ಕೂಗುವುದು ಎಲ್ಲ ಅದರಲ್ಲೇ. ಹಾಸನದ ಕಡೆಯ "ಏನ್ಲಾ, ಬಾರ್ಲಾ" ಕೇಳಬೇಕಾದರೆ ವಾರವಿಡೀ ಕಾಯಬೇಕು.

ಹಿಂದೆ ಆ ಕಾಯುವ ದಿನ ಶುಕ್ರವಾರ. 2022ರ ಜನವರಿಯಿಂದ ಯುಎಇಯಲ್ಲಿ ಶನಿವಾರ, ಭಾನುವಾರ ರಜೆಯಾಯಿತು. ಶುಕ್ರವಾರ ಸರಕಾರಿ ಕಚೇರಿಗಳಿಗೆ ಅರ್ಧ ದಿನ. ಜುಮಾ ಮುಗಿಸಿ, ಬಿರಿಯಾನಿ ಉಂಡು, ಸಂಜೆ ದೇರಾದ ಕಡೆ ನಡೆಯುವ ಹಳೆಯ ಕ್ರಮ ಸಡಿಲವಾಗಿದೆ. ಈಗ ನಾವು ಸೇರುವುದು ಭಾನುವಾರ, ಖೋರ್ ದಡದಲ್ಲಿ. ಖೋರ್ ಅಂದರೆ ಊರಿನೊಳಗೆ ನುಗ್ಗಿ ಬಂದಿರುವ ಸಮುದ್ರದ ತೋಳು. ಒಂದು ದಿರ್ಹಂ ಕೊಟ್ಟರೆ ಮರದ ಅಬ್ರಾ ದೋಣಿ ದೇರಾದಿಂದ ಬರ್ ದುಬೈಗೆ ದಾಟಿಸುತ್ತದೆ. ಹೊಳೆನರಸೀಪುರದವರು ಅದರಲ್ಲಿ ಕೂತಾಗೆಲ್ಲ ಒಂದೇ ಮಾತು: "ಇದು ಹೊಳೆ ಅಲ್ಲ ಕಣ್ರೀ, ಉಪ್ಪುನೀರು. ಬರ್ತದೆ, ಹೋಗ್ತದೆ, ಹರಿಯಲ್ಲ." ಊರಿನ ಹೆಸರಲ್ಲೇ ಹೊಳೆ ಇಟ್ಟುಕೊಂಡವರಿಗೆ ಹಾಗೆ ಹೇಳುವ ಹಕ್ಕಿದೆ. ಹೇಮಾವತಿಯ ನೀರು ನೋಡಿ ಬಾ ಅಂತ ಮಳೆಗಾಲದಲ್ಲಿ ಅವರನ್ನು ಬಾಪ ಕಳಿಸುತ್ತಿದ್ದರಂತೆ. ನೀರು ಕೆಂಪಾಗಿದ್ದರೆ ಮೇಲೆ ಸಕಲೇಶಪುರದ ಕಡೆ ಮಳೆ ಹೊಡೆದಿದೆ ಅಂತ ಅರ್ಥ.

ಆ ಹೊಳೆಗೆ ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾವಾಗ ಹುಡುಗರು. ಹಿನ್ನೀರು ಏರಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಾತ್ರ ಇವತ್ತಿಗೂ ನಿಂತಿದೆ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದ ತನಕ ಕಾಣುತ್ತದೆ. ಹಾಸನದಿಂದ ಬಾಡಿಗೆ ಸೈಕಲ್ಲಿನಲ್ಲಿ ಡಬಲ್ ರೈಡ್ ಹೋಗಿ ಆ ಗೋಡೆಗಳ ನಡುವೆ ಕೂಗಿ ಪ್ರತಿಧ್ವನಿ ಕೇಳುತ್ತಿದ್ದೆವು. ಈಗ ಅಲ್ಲಿಗೆ ಕಾರುಗಳಲ್ಲಿ ಫೋಟೊ ತೆಗೆಯಲು ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ಮೂವತ್ತು ದಿನ ಊರಲ್ಲಿ ಕಾಣಿಸಿಕೊಂಡು ಮತ್ತೆ ಮುಳುಗುವ ನಮ್ಮನ್ನು ನೆಂಟರು ಆ ಇಗರ್ಜಿಗೆ ಹೋಲಿಸುವುದುಂಟು. ತಪ್ಪೇನೂ ಅಲ್ಲ.

ನೆನಪು ಬರುವ ದಾರಿ ವಿಚಿತ್ರ. ಚಿತ್ರದಂತೆ ಬರುವುದಿಲ್ಲ, ಕೈಗೆ, ಮೂಗಿಗೆ ಬರುತ್ತದೆ. ಅವೀರ್‌ನ ತರಕಾರಿ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಹಿಡಿದರೆ ಹಾಸನದವರ ಹೆಬ್ಬೆರಳು ತಾನಾಗಿ ಅದರ ಕಣ್ಣು ಹುಡುಕುತ್ತದೆ. ಮೇ ತಿಂಗಳು ಬಂತೆಂದರೆ ಪಂಜಾಬಿನ ಜಲಂಧರಿನಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಹಾಸನಕ್ಕೆ ಬರುತ್ತಿದ್ದವು. ಒಂದು ಗಡ್ಡೆಯನ್ನು ಎಷ್ಟು ಹೋಳು ಮಾಡಬಹುದು, ಪ್ರತಿ ಹೋಳಿಗೂ ಒಂದು ಕಣ್ಣು ಸಿಗುತ್ತದಾ ಅಂತ ರೈತರು ನಿಂತು ಲೆಕ್ಕ ಹಾಕುತ್ತಿದ್ದರು. ಮಳೆ ಕೈಕೊಟ್ಟರೆ, ಅಂಗಮಾರಿ ಬಂದರೆ ಆ ಲೆಕ್ಕವೆಲ್ಲ ಮಣ್ಣು. ಬಾಪ ಸಾಲಕ್ಕೆ ಕೊಟ್ಟ ಮಾಲಿನ ಹಣವೂ ಅದರ ಜೊತೆಗೇ.

ಅರಕಲಗೂಡಿನವರಿಗೆ ಮೂಗು. ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಸೊಪ್ಪನ್ನು ಕಡ್ಡಿಗೆ ಕಟ್ಟಿಕೊಟ್ಟರೆ ಕಡ್ಡಿಗಿಷ್ಟು ಅಂತ ಹುಡುಗರಿಗೆ ಕಾಸು. ಬೆರಳಿಗೆ ಹತ್ತಿದ ಅಂಟು ಮೂರು ದಿನ ಹೋಗುತ್ತಿರಲಿಲ್ಲ. ಇಲ್ಲಿ ಶೀಷಾ ಅಂಗಡಿಯ ಮುಂದೆ ಹಾದರೆ ಅವರು ತಲೆಯಾಡಿಸುತ್ತಾರೆ: "ಇದು ಸೇಬಿನ ವಾಸನೆ. ಸೊಪ್ಪಿನ ವಾಸನೆ ಅಂದ್ರೆ ಏನು ಅಂತ ಇವರಿಗೇನು ಗೊತ್ತು!" ಚನ್ನರಾಯಪಟ್ಟಣದವರಿಗೆ ತೆಂಗು. ಸೂಪರ್ ಮಾರ್ಕೆಟ್ಟಿನಲ್ಲಿ ಒಂದೊಂದೇ ಕಾಯಿ ಪ್ಲಾಸ್ಟಿಕ್ ಸುತ್ತಿಕೊಂಡು ಬೆಲೆಚೀಟಿ ಹೊತ್ತು ಕೂತಿರುವುದನ್ನು ಕಂಡರೆ ಅವರಿಗೆ ಈಗಲೂ ಸಿಟ್ಟು. 1981ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಲೋಕವೇ ಬಂದಾಗ ಇವರ ಮನೆಯವರು ಎಳನೀರು ಮಾರಿದ್ದರು. ಆ ದುಡ್ಡಿನಲ್ಲಿ ಕೊಂಡ ರೇಡಿಯೊ ಮನೆಯಲ್ಲಿ ಈಗಲೂ ಇದೆಯಂತೆ, ಹಾಡುವುದಿಲ್ಲ.

ಊಟದ ವಿಷಯ ಬಂದರೆ ಮುಗಿಯುವುದಿಲ್ಲ, ಆದ್ದರಿಂದ ಒಂದೇ ಮಾತು. ಮನೆಯಲ್ಲಿ ಪತ್ತಿರ್, ಮೀನ್ ಸಾರು ತಿಂದು ಬೆಳೆದ ನಮಗೆ ಪಕ್ಕದ ಮನೆಯ ಗೌಡ್ತಮ್ಮ ಹಿತಕಿದ ಅವರೆಕಾಳಿನ ಸಾರು, ಮುದ್ದೆ ಕೊಟ್ಟು ಕೆಡಿಸಿಬಿಟ್ಟರು. ಗಲ್ಫಿನಲ್ಲಿ ಈಗ ಪತ್ತಿರ್ ಹೋಟೆಲಿನಲ್ಲೇ ಸಿಗುತ್ತದೆ. ಸೊಗಡಿನ ಅವರೆ ಸಿಗುವುದಿಲ್ಲ. ಚಳಿಗಾಲದಲ್ಲಿ ಊರಿಂದ ಯಾರಾದರೂ ಬರುವವರಿದ್ದರೆ ಅವರ ಸಾಮಾನಿನ ತೂಕದಲ್ಲಿ ನಮ್ಮ ಎರಡು ಕಿಲೋ ಕಾಯಂ.

ಹಾಸನದಿಂದ ಹೊರದೇಶಕ್ಕೆ ಹೋಗಿ ಊರನ್ನು ಮರೆಯದೆ ಬರೆದ ಇಬ್ಬರ ಬಗ್ಗೆ ನಮ್ಮ ಭಾನುವಾರದ ಕೂಟದಲ್ಲಿ ಮಾತು ಬರುತ್ತಲೇ ಇರುತ್ತದೆ. ಒಬ್ಬರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರೇ ಹೇಳುವಂತೆ ಅಲ್ಲಿಗೆ ಹೋದದ್ದು ಒಬ್ಬ ಮನುಷ್ಯ ಮಾತ್ರವಲ್ಲ, ಒಂದು ಊರೂ ಹೋಗಿತ್ತು. ಇನ್ನೊಬ್ಬರು ರಾಜಾರಾವ್. 1908ರಲ್ಲಿ ಹಾಸನದಲ್ಲಿ ಹುಟ್ಟಿದವರು. ಓದಿದ್ದು ಹೈದರಾಬಾದಿನ ಮದರಸಾ-ಎ-ಆಲಿಯಾದಲ್ಲಿ, ಆಮೇಲೆ ಅಲಿಗಢದಲ್ಲಿ. ಬ್ರಾಹ್ಮಣರ ಹುಡುಗ ಮುಸ್ಲಿಮರ ಶಾಲೆ ಕಾಲೇಜಿನಲ್ಲಿ ಕಲಿತ ಈ ಸಂಗತಿ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ನಮಗನ್ನಿಸುತ್ತದೆ. 1929ರಲ್ಲಿ ಫ್ರಾನ್ಸಿಗೆ ಹೋದರು. 1938ರಲ್ಲಿ ಅವರ 'ಕಾಂತಾಪುರ' ಅಚ್ಚಾಯಿತು. ಇಂಗ್ಲಿಷ್ ಕಾದಂಬರಿ, ಆದರೆ ಕಥೆ ಹೇಳುವುದು ನಮ್ಮ ಕಡೆಯ ಒಬ್ಬ ಅಜ್ಜಿ. ಅದರಲ್ಲಿ ಹರಿಯುವ ಹೊಳೆಯ ಹೆಸರು ಹಿಮಾವತಿ. ಯಾವ ಹೊಳೆ ಅಂತ ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಟೆಕ್ಸಾಸ್‌ನ ಆಸ್ಟಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 2006ರಲ್ಲಿ ಅಲ್ಲೇ ತೀರಿಕೊಂಡರು.

ಒಬ್ಬರು ನೆಂಟರಾಗಿ ಹೋಗಿ ವಾಪಸ್ ಬಂದರು. ಇನ್ನೊಬ್ಬರು ಅಲ್ಲೇ ನೆಲೆ ನಿಂತರು. ಗಲ್ಫಿನ ನಾವು ಎರಡೂ ಅಲ್ಲ. ಮೂವತ್ತು ವರ್ಷ ಇದ್ದವನು ನೆಂಟನಲ್ಲ, ನೆಲೆ ನಿಲ್ಲುವುದಕ್ಕೆ ದಾರಿಯೂ ಇಲ್ಲ. ನಮ್ಮ ಜೇಬಿನ ಗುರುತಿನ ಕಾರ್ಡಿನಲ್ಲಿ ಕೊನೆಯ ದಿನಾಂಕ ಅಚ್ಚಾಗಿರುತ್ತದೆ. ಎರಡು ವರ್ಷ ಕಳೆದರೆ ಮತ್ತೆ ರಕ್ತ ಪರೀಕ್ಷೆ, ಮತ್ತೆ ಎಕ್ಸ್‌ರೇ, ಮತ್ತೆ ಎರಡು ವರ್ಷ. ಕೆಲಸ ಹೋದರೆ ವೀಸಾ ಹೋಯಿತು. 2019ರಿಂದ ಗೋಲ್ಡನ್ ವೀಸಾ ಅಂತ ಬಂದಿದೆ. ಅದು ದುಡ್ಡು ಹೂಡುವವರಿಗೆ, ದೊಡ್ಡ ಡಾಕ್ಟರು, ವಿಜ್ಞಾನಿಗಳಂಥವರಿಗೆ. ಸ್ಟೋರ್ ಕೀಪರಿಗೆ, ಫೋರ್‌ಮನ್‌ಗೆ ಅಲ್ಲ. ಹಾಗಾಗಿ ಊರಿನ ನೆನಪು ನಮಗೆ ಬರೀ ಚಪಲವಲ್ಲ. ಅಮೆರಿಕದಲ್ಲಿ ನೆಲೆಸಿದವರು ಊರನ್ನು ನೆನೆದರೆ ಅದು ಬಿಟ್ಟು ಬಂದ ಜಾಗ. ನಮಗೆ ಅದು ನಾಳೆ ಹೋಗಿ ಇರಬೇಕಾದ ಜಾಗ. ನಾವು ನೆನಪಿಟ್ಟುಕೊಂಡ ಊರು ಅಲ್ಲಿ ಇದೆಯೋ ಇಲ್ಲವೋ ಅನ್ನುವುದು ಇಲ್ಲಿನ ಪ್ರತಿ ಕೋಣೆಯಲ್ಲೂ ರಾತ್ರಿ ದೀಪ ಆರಿಸಿದ ಮೇಲಿನ ಚಿಂತೆ.

ಹೋಗಿ ಬರುವ ದಾರಿಯಂತೂ ಸುಲಭವಾಗಿದೆ. ನಾವು ಹೊರಟಾಗ ಬೊಂಬಾಯಿಗೆ ಬಸ್ಸು, ಅಲ್ಲಿ ವೀಸಾಕ್ಕೆ ತಿಂಗಳುಗಟ್ಟಲೆ ಕಾಯುವುದು, ಆಮೇಲೆ ವಿಮಾನ. 2006ರಲ್ಲಿ ಮಂಗಳೂರಿನಿಂದಲೇ ದುಬೈ ವಿಮಾನ ಶುರುವಾಯಿತು. ಅದೇ ಹಾದಿಯಲ್ಲಿ 2010ರ ಮೇ 22ರ ಬೆಳಗ್ಗೆ ಕೆಂಜಾರಿನಲ್ಲಿ 158 ಜನ ಹೋದರು. ಅದನ್ನು ಬ್ಯಾರಿ ಮನೆಗಳಿಗೆ ಯಾರೂ ನೆನಪಿಸಬೇಕಾಗಿಲ್ಲ. ರೈಲಿನದು ಬೇರೆ ಕಥೆ. ಹಾಸನ–ಮಂಗಳೂರು ಮೀಟರ್ ಗೇಜ್ ರೈಲು ಗೇಜ್ ಬದಲಾವಣೆಗೆಂದು ನಿಂತದ್ದು, ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಕೊನೆಗೆ. ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಪೂರ್ತಿ ರೈಲು ಬಂದದ್ದು 2017ರಲ್ಲಿ. ನಮ್ಮ ಚನ್ನರಾಯಪಟ್ಟಣದವರು ತಮ್ಮೂರಿನ ರೈಲು ಮೊದಲು ನೋಡಿದ್ದು ಮೊಬೈಲಿನ ವಿಡಿಯೊದಲ್ಲಿ.

ಮೊಬೈಲು ಬರುವ ಮೊದಲು ಕ್ಯಾಸೆಟ್ಟು ಇತ್ತು. ಓದು ಬಾರದ ಉಮ್ಮಂದಿರು ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಊರಿಗೆ ಬಂದವರ ಕೈಯಲ್ಲಿ ಕಳಿಸುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮೊದಲ ಹತ್ತು ನಿಮಿಷ ಸಲಾಂ ಹೇಳುವವರ ಸಾಲು, ಕೊನೆಗೆ ಅಳು. ನಡುವೆ ಕೋಳಿ ಕೂಗು, ಬೀದಿಯಲ್ಲಿ ಸೊಪ್ಪು ಮಾರುವವಳ ದನಿ. ಅದೇ ಕ್ಯಾಸೆಟ್ಟಿನ ಮೇಲೆ ನಾವು ಉತ್ತರ ತುಂಬಿ ವಾಪಸ್ ಕಳಿಸುತ್ತಿದ್ದೆವು. ಹಾಗಾಗಿ ಆ ದನಿಗಳು ಯಾವುದೂ ಉಳಿದಿಲ್ಲ. ಐವತ್ತು ವರ್ಷದಿಂದ ಬ್ಯಾರಿಗಳು ಗಲ್ಫಿನಲ್ಲಿದ್ದಾರೆ. ಅವರು ಏನು ಉಂಡರು, ಯಾವ ಕೋಣೆಯಲ್ಲಿ ಎಷ್ಟು ಮಂದಿ ಮಲಗಿದರು, ಜೂನ್ ಬಿಸಿಲಲ್ಲಿ ಹೇಗೆ ದುಡಿದರು ಅನ್ನುವುದು ಬರಹಕ್ಕೆ ಬಂದದ್ದು ತೀರಾ ಕಡಿಮೆ. ಕಳಿಸಿದ ಹಣದ ಲೆಕ್ಕ ಎಲ್ಲರ ಮನೆಯಲ್ಲೂ ಇದೆ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲ ಬೂಕರ್. ಮರುದಿನ ಕಚೇರಿಯಲ್ಲಿ ಈಜಿಪ್ಟಿನ ಸಹೋದ್ಯೋಗಿ, ಇದು ನಿನ್ನ ಪಾಸ್‌ಪೋರ್ಟಿನ ಊರೇ ಅಂತ ಕೇಳಿದ. ಹೌದು ಅಂದೆವು. ನಮ್ಮ ಮಗಳು ಆ ಪುಸ್ತಕ ಇಂಗ್ಲಿಷಿನಲ್ಲಿ ಓದಿದಳು, ಯಾಕಂದರೆ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಓದಿ ಕೇಳಿದ್ದು ಒಂದೇ: "ಉಮ್ಮಮ್ಮನೂ ಹೀಗೇ ಇದ್ದರಾ?" ಆ ರಾತ್ರಿ ಊಟ ತಣ್ಣಗಾಗುವ ತನಕ ಅವಳಿಗೆ ಉಮ್ಮನ ಕಥೆ ಹೇಳಿದೆವು.

ಅರಕಲಗೂಡಿನವರು ಮುಂದಿನ ತಿಂಗಳು ವೀಸಾ ರದ್ದು ಮಾಡಿಸಿ ಹೊರಡುತ್ತಾರೆ. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಿನಲ್ಲಿ. ಊರಲ್ಲಿ ಕಟ್ಟಿಸಿದ ಮಹಡಿ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರಬೇಕು. ಓಣಿಯಲ್ಲಿ ಗುರುತಿನವರು ಯಾರು ಉಳಿದಿದ್ದಾರೆ ಅಂತ ಪಟ್ಟಿ ಮಾಡಿದರು, ಒಂಬತ್ತು ಹೆಸರು ಸಿಕ್ಕಿತು. ಫ್ರಿಜ್ಜಿಗೆ, ಮಂಚಕ್ಕೆ ಗಿರಾಕಿ ಸಿಕ್ಕಿದ್ದಾರೆ. ಹೊಲಿಗೆ ಯಂತ್ರವನ್ನು ಮಾರುವುದಿಲ್ಲ ಅಂತ ಅವರ ಹೆಂಡತಿಯ ಹಟ. ಅದರ ತೂಕ ಹದಿನಾರು ಕಿಲೋ. ಉಳಿದ ಹದಿನಾಲ್ಕು ಕಿಲೋದಲ್ಲಿ ಮೂವತ್ತು ವರ್ಷವನ್ನು ಹೇಗೆ ಹೊಂದಿಸುವುದು ಅಂತ ಕಳೆದ ಭಾನುವಾರ ಅಬ್ರಾದಲ್ಲಿ ಕೂತು ನಾಲ್ವರೂ ಲೆಕ್ಕ ಹಾಕುತ್ತಿದ್ದೆವು.