ಹಟ್ಟಿ ಖಾಲಿಯಾದರೂ ಗೊಬ್ಬರಕ್ಕೆ ಬರವಿಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮನೆಯಂಗಳದಲ್ಲಿ ಬೀಳುವ ತರಗೆಲೆ, ತೆಂಗಿನ ಮಡಲು, ಅಡುಗೆಮನೆಯ ಹಸಿಕಸ ಇವಿಷ್ಟರಲ್ಲೇ ಒಂದು ಮನೆಯ ಹಿತ್ತಲಿಗೆ ಸಾಕಾಗುವ ಗೊಬ್ಬರವಿದೆ. ಕಾಸು ಖರ್ಚಿಲ್ಲದ ಆ ಕೆಲಸದ ಪರಿಚಯ ಇಲ್ಲಿದೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಎಲೆ ಉದುರುವ ಕಾಲ. ಹಲಸು, ಮಾವು, ಗೇರು, ಸಾಗುವಾನಿ ಎಲ್ಲವೂ ಅಂಗಳದ ತುಂಬ ಎಲೆ ಚೆಲ್ಲುತ್ತವೆ. ಬೆಳಿಗ್ಗೆ ಗುಡಿಸಿ, ಮೂಲೆಗೆ ಒಟ್ಟಿ, ಬೆಂಕಿ ಕೊಡುವುದು ಬಹಳಷ್ಟು ಮನೆಗಳ ರೂಢಿ. ತೆಂಗಿನ ಬುಡ ಬಿಡಿಸುವ ಹೊತ್ತಿಗೆ ಅದೇ ಮನೆಯವರು ಘಟ್ಟದ ಮೇಲಿನಿಂದ ಬರುವ ಲಾರಿಗೆ ದುಡ್ಡು ಕೊಟ್ಟು ಗೊಬ್ಬರ ಇಳಿಸಿಕೊಳ್ಳುತ್ತಾರೆ. ಅಂಗಳದಲ್ಲಿ ಸುಟ್ಟು ಕಳೆದದ್ದನ್ನೇ ಹೊರಗಿನಿಂದ ಕೊಂಡು ತಂದಂತಾಯಿತು. ಬಿದ್ದದ್ದನ್ನು ಒಟ್ಟಿ, ಕೊಳೆಯಿಸಿ, ಮಣ್ಣಿಗೆ ಮರಳಿಸುವ ಒಂದು ಕೆಲಸ ನಡುವೆ ತಪ್ಪಿಹೋಗಿದೆ. ಅದನ್ನು ಮತ್ತೆ ಹಿಡಿಯುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಈ ಮಣ್ಣಿಗೆ ಪ್ರತಿ ವರ್ಷವೂ ಬೇಕು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮುರಕಲ್ಲಿನ ಮೇಲಿನ ಕೆಂಪುಮಣ್ಣಿಗಾಗಲಿ, ಕಡಲಬದಿಯ ಮರಳುಮಣ್ಣಿಗಾಗಲಿ ಸಾರವನ್ನು ಹಿಡಿದಿಟ್ಟುಕೊಳ್ಳುವ ತ್ರಾಣ ಕಡಿಮೆ. ಪೊಟ್ಯಾಶ್, ಸುಣ್ಣದಂಶ ಮಳೆನೀರಿನೊಂದಿಗೆ ಇಳಿದುಹೋಗಿ ಮಣ್ಣು ಹುಳಿಯಾಗುತ್ತದೆ. ಚೀಲದ ಗೊಬ್ಬರ ಎಷ್ಟು ಹಾಕಿದರೂ ಅದನ್ನು ಬೇರಿನ ಬಳಿ ನಿಲ್ಲಿಸಿಕೊಳ್ಳಲು ಮಣ್ಣಿನಲ್ಲಿ ಕೊಳೆತ ಸೊಪ್ಪುಸದೆಯ ಅಂಶ ಇರಲೇಬೇಕು. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸಿಕೊಂಡು ಬೇಸಾಯ ಮಾಡಿದ ನಮ್ಮ ಹಿರಿಯರು ಇದನ್ನು ಅರಿತಿದ್ದರು.

ಅವರ ಗೊಬ್ಬರದ ಕಾರ್ಖಾನೆ ಎಂದರೆ ಹಟ್ಟಿ. ದನದ ಕಾಲಡಿಗೆ ಹಸಿಸೊಪ್ಪು, ಹಾಡಿಯ ತರಗೆಲೆ ಹಾಸುವುದು. ಸಗಣಿ, ಗಂಜಲ ಅದರಲ್ಲೇ ಇಂಗುವುದು. ಅದನ್ನು ಬಾಚಿ ಗೊಬ್ಬರದ ಗುಂಡಿಗೆ ಹಾಕುವುದು. ಮಳೆ ಹಿಡಿಯುವ ಮೊದಲು ಹೆಡಗೆಯಲ್ಲಿ ಹೊತ್ತು ಗದ್ದೆಗೆ ಹರಡುವುದು. ಸೊಪ್ಪು ತರುವ ಜಾಗಕ್ಕೂ ಕಾನೂನಿನ ಆಸರೆ ಇತ್ತು. ಹಳೆಯ ವರ್ಗ (ಪಟ್ಟಾ) ಜಮೀನಿನ ಸುತ್ತ 450 ಗಜದೊಳಗಿನ, ಕುಮ್ಕಿ ಎಂದು ಕರೆಯುವ ಸರಕಾರಿ ಜಾಗದಲ್ಲಿ ಬೇಸಾಯಕ್ಕೆ ಬೇಕಾದ ಸೊಪ್ಪು, ಸೌದೆ ತೆಗೆಯುವ ಸವಲತ್ತು ಮದ್ರಾಸ್ ಪ್ರಾಂತ್ಯದ ಕಾಲದಿಂದ ನಡೆದುಬಂದದ್ದು. ಒಂದು ಗದ್ದೆಗೆ ಅದರ ಹಿಂದಿನ ಹಾಡಿಯೂ ಬೇಕೆಂಬ ತಿಳಿವಳಿಕೆ ಆ ಸವಲತ್ತಿನಲ್ಲಿದೆ.

ಈಗ ಹಟ್ಟಿ ಇದ್ದ ಜಾಗದಲ್ಲಿ ಬಹಳ ಕಡೆ ಕಾರು ನಿಂತಿದೆ. ದನ ಸಾಕಲು ಮನೆಯಲ್ಲಿ ಆಳಿಲ್ಲ, ಸಮಯವಿಲ್ಲ. ಆದರೆ ಮರ ಎಲೆ ಉದುರಿಸುವುದನ್ನು ಬಿಟ್ಟಿಲ್ಲ, ಒಲೆ ಹೊತ್ತಿಸುವ ಮನೆಯಲ್ಲಿ ಹಸಿಕಸ ಮುಗಿದಿಲ್ಲ. ಹಟ್ಟಿ ಮಾಡುತ್ತಿದ್ದ ಕೆಲಸವನ್ನು ಇನ್ನು ಹಿತ್ತಿಲ ಮೂಲೆಯ ಒಂದು ರಾಶಿ ಮಾಡಬೇಕು.

ಇಂದೋರ್ ಮತ್ತು ಬೆಂಗಳೂರು

ಕಾಂಪೋಸ್ಟ್ ಎಂಬ ಹೆಸರು ಹೊರಗಿನದಾದರೂ ಅದರ ಶಾಸ್ತ್ರ ಬೆಳೆದದ್ದು ನಮ್ಮ ದೇಶದಲ್ಲೇ. ಇಂಗ್ಲಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದುಕೊಂಡು, ಯಶವಂತ ವಾಡ್ ಅವರ ಜೊತೆಗೂಡಿ ಇಂದೋರ್ ಪದ್ಧತಿಯನ್ನು ರೂಪಿಸಿದರು. ಒಣಕಸ, ಸಗಣಿ, ಮಣ್ಣು, ಬೂದಿಯನ್ನು ಪದರಪದರವಾಗಿ ಒಟ್ಟಿ, ಆಗಾಗ ಮಗುಚಿ ಹಾಕಿದರೆ ಮೂರು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ಸಿದ್ಧ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಇನ್ನೊಂದು ದಾರಿ ತೋರಿಸಿದರು. ಪದರಗಳನ್ನು ತುಂಬಿ ಮೇಲೆ ಮಣ್ಣು ಮುಚ್ಚಿ ಬಿಟ್ಟುಬಿಡುವುದು, ಮಗುಚುವ ಶ್ರಮವಿಲ್ಲ. ಆದರೆ ಆರೆಂಟು ತಿಂಗಳು ಕಾಯಬೇಕು. ಅದೇ ಬೆಂಗಳೂರು ಪದ್ಧತಿ. ಆಳಿನ ಬಲ ಇದ್ದವರಿಗೆ ಮೊದಲನೆಯದು, ತಾಳ್ಮೆ ಇದ್ದವರಿಗೆ ಎರಡನೆಯದು.

ಎರಡನ್ನೂ ನಮ್ಮ ಹವೆಗೆ ಒಗ್ಗಿಸಿಕೊಳ್ಳಬೇಕು. ಮಳೆ ಕಡಿಮೆ ಇರುವ ಬಯಲುಸೀಮೆಗೆ ಗುಂಡಿ ಒಳ್ಳೆಯದು, ಪಸೆ ಆರುವುದಿಲ್ಲ. ನಮ್ಮಲ್ಲಿ ಆಷಾಢದ ಹೊತ್ತಿಗೆ ಗುಂಡಿಯೇ ಕೆರೆಯಾಗುತ್ತದೆ. ಕಸ ಕೊಳೆಯುವ ಬದಲು ನಾರುತ್ತದೆ. ಆದ್ದರಿಂದ ಇಲ್ಲಿ ನೆಲದ ಮೇಲಿನ ರಾಶಿಯೇ ಸರಿ, ಅದೂ ನೀರು ನಿಲ್ಲದ ಎತ್ತರದ ಜಾಗದಲ್ಲಿ.

ಕಾಸಿಲ್ಲದೆ ಸಿಗುವುದು ಏನೇನು?

ಗೊಬ್ಬರದ ರಾಶಿಗೆ ಎರಡು ಬಗೆಯ ಸಾಮಗ್ರಿ ಬೇಕು. ಒಣಗಿದ್ದು ಇಂಗಾಲ ಕೊಡುತ್ತದೆ, ಹಸಿಯದ್ದು ಸಾರಜನಕ ಕೊಡುತ್ತದೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ತೂಕ ಹಾಕುತ್ತ ಕೂರಬೇಕಾಗಿಲ್ಲ. ಒಂದು ಬುಟ್ಟಿ ಹಸಿಯದ್ದಕ್ಕೆ ಎರಡು ಮೂರು ಬುಟ್ಟಿ ಒಣಗಿದ್ದು ಎಂಬ ಲೆಕ್ಕ ಸಾಕು.

ಒಣಗಿದ್ದರಲ್ಲಿ ಮೊದಲನೆಯದು ತರಗೆಲೆ. ಹಲಸು, ಮಾವಿನ ಎಲೆ ಬೇಗ ಕರಗುತ್ತವೆ. ಗುಡ್ಡದ ಮೇಲೆ ನೆಟ್ಟ ಅಕೇಶಿಯಾದ ಎಲೆ ದಪ್ಪ, ನುಣುಪು. ಅದನ್ನು ತುಳಿದು ಪುಡಿಮಾಡಿ ನೀರು ಚಿಮುಕಿಸಿ ಹಾಕಿದರೆ ಮಾತ್ರ ಕೊಳೆಯುತ್ತದೆ. ಭತ್ತದ ಹುಲ್ಲು, ಅಡಿಕೆ ಸೋಗೆ, ಅಕ್ಕಿ ಮಿಲ್ಲಿನ ಉಮಿ, ಮರದ ಮಿಲ್ಲಿನ ಹುಡಿ ಇವೂ ಆಗುತ್ತವೆ. ಉಮಿ ನಿಧಾನಕ್ಕೆ ಕರಗಿದರೂ ರಾಶಿಯೊಳಗೆ ಗಾಳಿಯಾಡಲು ಬಿಡುತ್ತದೆ. ಮರದ ಹುಡಿಯಲ್ಲಿ ಇಂಗಾಲ ವಿಪರೀತ, ಆದ್ದರಿಂದ ತೆಳುವಾಗಿ ಉದುರಿಸಬೇಕು.

ಹಸಿಯದ್ದರಲ್ಲಿ ತರಕಾರಿ ಸಿಪ್ಪೆ, ಹಳಸಿದ ಅನ್ನ, ಚಾ ಪುಡಿ, ಚಚ್ಚಿದ ಬಾಳೆದಿಂಡು. ಬೇಲಿಯ ಗೊಬ್ಬರ ಗಿಡ, ಅಂದರೆ ಗ್ಲಿರಿಸಿಡಿಯಾದ ಸೊಪ್ಪಿನಲ್ಲಿ ಸಾರಜನಕ ಧಾರಾಳ. ಖಾಲಿ ಜಾಗವನ್ನೆಲ್ಲ ಆಕ್ರಮಿಸುವ ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲೇ ಕಡಿದು ತಂದರೆ ಪೀಡೆಯೂ ತೊಲಗಿತು, ಗೊಬ್ಬರವೂ ಆಯಿತು. ಕೊಲ್ಲೂರು, ಆನೆಗುಡ್ಡೆ, ಮಂದಾರ್ತಿಯಂಥ ಕ್ಷೇತ್ರಗಳಿರುವ ನಾಡಿದು; ಪೂಜೆಯ ಹೂವು, ಮದುವೆ ಊಟದ ಬಾಳೆಲೆಗೆ ಇಲ್ಲಿ ಕೊರತೆಯಿಲ್ಲ. ದನ ಇರುವ ನೆರೆಮನೆಯಿಂದ ಒಂದು ಬಕೆಟ್ ಸಗಣಿ ಸಿಕ್ಕರೆ ಇನ್ನೂ ಒಳ್ಳೆಯದು.

ಹೆಪ್ಪಿಗೆಂದು ಅಂಗಡಿಯ ಪುಡಿ ಬೇಡ. ಹಾಡಿಯಲ್ಲಿ ಎಲೆ ಸರಿಸಿದರೆ ಸಿಗುವ ಕಪ್ಪು ಮಣ್ಣಿನಲ್ಲೇ ಬೇಕಾದ ಸೂಕ್ಷ್ಮಜೀವಿಗಳಿವೆ. ಎರಡು ಬೊಗಸೆ ಸಾಕು. ಹುಳಿ ಮಜ್ಜಿಗೆಯನ್ನೂ ಚಿಮುಕಿಸಬಹುದು. ಹಾಡಿಯ ನೆಲವನ್ನು ಮಾತ್ರ ಬೋಳು ಮಾಡಬಾರದು, ಮರಕ್ಕೂ ಅದರ ಪಾಲು ಬೇಕು.

ರಾಶಿ ಒಟ್ಟುವ ಬಗೆ

ಮೂರಡಿ ಉದ್ದ, ಮೂರಡಿ ಅಗಲದ ಜಾಗಕ್ಕೆ ಮುರಕಲ್ಲಿನ ಚೂರುಗಳನ್ನು ಸಂದು ಬಿಟ್ಟು ಸುತ್ತ ಜೋಡಿಸಿ. ತಳಕ್ಕೆ ಮಡಲ ದಂಟು, ಕಡ್ಡಿ ಹಾಸಿದರೆ ಕೆಳಗಿನಿಂದ ಗಾಳಿ ಆಡುತ್ತದೆ. ಅದರ ಮೇಲೆ ಗೇಣೆತ್ತರ ಒಣಗಿದೆಲೆ, ನಾಲ್ಕು ಬೆರಳು ಹಸಿಕಸ, ಒಂದು ಹಿಡಿ ಮಣ್ಣು, ಸಗಣಿನೀರು. ಹೀಗೆ ಮೂರಡಿ ಎತ್ತರದವರೆಗೆ ಏರಿಸಿ. ಅದಕ್ಕಿಂತ ಚಿಕ್ಕ ರಾಶಿಯಲ್ಲಿ ಕಾವು ನಿಲ್ಲುವುದಿಲ್ಲ. ಪಸೆ ಎಷ್ಟಿರಬೇಕೆಂದರೆ, ಒಂದು ಮುಷ್ಟಿ ತೆಗೆದು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು.

ಕೆಲವೇ ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವೇರುತ್ತದೆ. ಕಳೆಬೀಜ, ರೋಗಾಣುಗಳನ್ನು ಕೊಲ್ಲುವುದು ಈ ಕಾವೇ. ಕಾವು ಇಳಿದಾಗ ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಬರುವಂತೆ ಮಗುಚಬೇಕು. ನಾರುತ್ತಿದ್ದರೆ ಹಸಿ ಹೆಚ್ಚಾಯಿತೆಂದು ತಿಳಿದು ಒಣಗಿದೆಲೆ ಸೇರಿಸಿ. ಕಾವೇ ಏರದಿದ್ದರೆ ನೀರು, ಹಸಿಸೊಪ್ಪು ಸೇರಿಸಿ. ಮಳೆಗಾಲದಲ್ಲಿ ಹೆಣೆದ ಮಡಲನ್ನು ಇಳಿಜಾರಾಗಿ ಹೊದೆಸಲೇಬೇಕು. ಹೊದಿಕೆ ಇಲ್ಲದ ರಾಶಿಯ ಸಾರವೆಲ್ಲ ತೋಡಿನ ಪಾಲು. ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಹಸಿ ರಾಶಿಗೆ ಹೆಚ್ಚು ಸುರಿಯಬೇಡಿ, ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಹುಳಿಮಣ್ಣಿಗೆ ಸುಣ್ಣ ಬೇಕಾದರೆ ಅದನ್ನು ಬೇರೆಯಾಗಿ ನೆಲಕ್ಕೇ ಕೊಡಬೇಕು.

ಮೀನು, ಮಡಲು, ಕುರುವಾಯಿ

ಗಂಗೊಳ್ಳಿ, ಮರವಂತೆ, ಉಪ್ಪುಂದದ ಮನೆಗಳಿಗೆ ಇನ್ನೊಂದು ಸಂಪತ್ತಿದೆ. ಬೈಗೆ, ಅಂದರೆ ಬೂತಾಯಿ ಮೀನನ್ನು ತೆಂಗಿನ ಬುಡಕ್ಕೆ ಹೂಳುವುದು ಪಶ್ಚಿಮ ಕರಾವಳಿಯ ಹಳೆಯ ವಾಡಿಕೆ. ಮೀನಿನ ತಲೆ, ಕರುಳು, ಮುಳ್ಳಿನಲ್ಲಿ ಸಾರಜನಕವೂ ರಂಜಕವೂ ಹೇರಳ. ಅವನ್ನು ಕಾವೇರಿದ ರಾಶಿಯ ನಡುಮಧ್ಯಕ್ಕೆ ಹಾಕಿ, ಮೇಲೆ ಗೇಣುದ್ದ ಮರದ ಹುಡಿ ಅಥವಾ ಒಣಗಿದೆಲೆ ಮುಚ್ಚಿದರೆ ವಾಸನೆಯೂ ಇಲ್ಲ, ನಾಯಿ, ಹೆಗ್ಗಣದ ಕಾಟವೂ ಇಲ್ಲ. ಒಣಮೀನಿನ ಕಸವಾದರೆ ಮೊದಲು ತೊಳೆದು ಉಪ್ಪು ಬಿಡಿಸಬೇಕು.

ತೆಂಗಿನ ಮರ ವರ್ಷಕ್ಕೆ ಸುಮಾರು ಹನ್ನೆರಡು ಮಡಲು ಉದುರಿಸುತ್ತದೆ. ಹಿಂದೆ ಅದೇ ತಟ್ಟಿ, ಮಾಡಿನ ಹೊದಿಕೆ, ಬಚ್ಚಲ ಒಲೆಯ ಸೌದೆ. ಈಗ ಅದು ಯಾರಿಗೂ ಬೇಡದ ಹೊರೆ. 1916ರಲ್ಲಿ, ಅಂದು ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಈ ಗಟ್ಟಿ ಮಡಲನ್ನೂ ತಿಂದು ಗೊಬ್ಬರ ಮಾಡುವ ಯುಡ್ರಿಲಸ್ ಜಾತಿಯ ಸ್ಥಳೀಯ ಎರೆಹುಳುವನ್ನು ಅಲ್ಲಿನ ವಿಜ್ಞಾನಿಗಳು ಗುರುತಿಸಿದರು. ಮಡಲು ಮಳೆಬಿಸಿಲಿಗೆ ಮೆತ್ತಗಾದ ಮೇಲೆ ಸಗಣಿನೀರಿನಲ್ಲಿ ಎರಡು ಮೂರು ವಾರ ನೆನೆಸಿ, ಕಾವು ಆರಿದ ನಂತರ ಹುಳು ಬಿಟ್ಟರೆ ಸುಮಾರು ಮೂರು ತಿಂಗಳಲ್ಲಿ ಎರೆಗೊಬ್ಬರ ಸಿಗುತ್ತದೆ. ನಮ್ಮ ಸೀಮೆಯವರು ಸಲಹೆ ಕೇಳಲು ಬ್ರಹ್ಮಾವರದಲ್ಲೇ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ.

ತೆಂಗಿನ ನಾಡಿನಲ್ಲಿ ಗೊಬ್ಬರ ಮಾಡುವವರು ಮರೆಯಬಾರದ ಶತ್ರು ಕುರುವಾಯಿ ದುಂಬಿ. ಸುಳಿ ಕೊರೆಯುವ ಈ ದುಂಬಿ ಮೊಟ್ಟೆಯಿಡುವುದು ಕೊಳೆಯುವ ಗೊಬ್ಬರದಲ್ಲೇ. ಮಗುಚುವಾಗ ಕಾಣುವ ಬಿಳಿ, ದಪ್ಪ, ಬಾಗಿದ ಹುಳುಗಳನ್ನು ಆರಿಸಿ ಕೋಳಿಗೆ ಹಾಕಿ. ಮೊಟ್ಟೆ ದುಂಬಿಯಾಗಲು ಐದಾರು ತಿಂಗಳು ಬೇಕು. ಅಷ್ಟರೊಳಗೆ ಗೊಬ್ಬರ ಬಳಸಿಬಿಟ್ಟರೆ ಅದರ ಸಂತತಿ ಮುಂದುವರಿಯದು. ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ರಾಶಿಗೆ ಬೆರೆಸುವ ಜೈವಿಕ ಉಪಾಯವೂ ಇದೆ.

ಮನೆಯ ಲೆಕ್ಕ, ಊರಿನ ಲೆಕ್ಕ

ಒಂದು ಮನೆಯ ಹಸಿಕಸ ದಿನಕ್ಕೆ ಒಂದು ಕಿಲೋ ಎಂದು ಹಿಡಿಯೋಣ. ವರ್ಷಕ್ಕೆ 365 ಕಿಲೋ. ಅದಕ್ಕೆ ತಕ್ಕ ಒಣಗಿದೆಲೆ ಸೇರಿಸಿದರೆ, ಕೊಳೆತು ಇಳಿದು ಮೂರನೆಯ ಒಂದು ಪಾಲು ಉಳಿದರೂ 150 ಕಿಲೋದಷ್ಟು ಗೊಬ್ಬರ ಕೈಗೆ ಬರುತ್ತದೆ. ಫಲ ಕೊಡುವ ತೆಂಗಿನ ಮರಕ್ಕೆ ವರ್ಷಕ್ಕೆ 50 ಕಿಲೋ ಸಾವಯವ ಗೊಬ್ಬರ ಕೊಡಬೇಕೆಂಬುದು ವಿಜ್ಞಾನಿಗಳ ಶಿಫಾರಸು. ಮೂರು ಮರದ ಪಾಲು ಅಡುಗೆಮನೆಯಿಂದಲೇ ಹೊರಟಿತು. ಬಸಳೆ ಚಪ್ಪರಕ್ಕೆ, ಸೌತೆ, ಬೆಂಡೆಯ ಸಾಲಿಗೆ ಬೇಕಾದದ್ದನ್ನು ತರಗೆಲೆಯ ಇನ್ನೊಂದು ರಾಶಿ ಕೊಡುತ್ತದೆ.

ಕಸಕಡ್ಡಿಯೊಂದಿಗೆ ಮಣ್ಣು ಸೇರಿಸಿ ಸುಟ್ಟು ಸುಡುಮಣ್ಣು ಮಾಡುವ ನಮ್ಮ ಪದ್ಧತಿಗೂ ಅದರದೇ ಬೆಲೆಯಿದೆ, ಅದು ಗಿಡಕ್ಕೆ ಪೊಟ್ಯಾಶ್ ಕೊಡುತ್ತದೆ. ಆದರೆ ಅಂಗಳದ ಎಲೆಯನ್ನೆಲ್ಲ ಸುಟ್ಟರೆ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗುತ್ತವೆ. ಈ ಮಣ್ಣಿಗೆ ತೀರಾ ಬೇಕಾಗಿರುವುದು ಅವೇ.

ಊರಿನ ಮಟ್ಟದಲ್ಲೂ ದಾರಿ ಕಾಣುತ್ತಿದೆ. ಕುಂದಾಪುರದ ಪೂರ್ವಕ್ಕಿರುವ ವಂಡ್ಸೆಯ ಗ್ರಾಮ ಪಂಚಾಯತ್ ಹಸಿಕಸ, ಒಣಕಸಗಳನ್ನು ಬೇರ್ಪಡಿಸಿ ಸಂಪನ್ಮೂಲವಾಗಿಸುವ ಘಟಕದಿಂದ ಹೆಸರಾಯಿತು. ಆದರೆ ಹಿತ್ತಿಲಿರುವ ಮನೆಯ ಹಸಿಕಸ ಪಂಚಾಯತಿನ ಗಾಡಿ ಏರುವ ಅಗತ್ಯವೇ ಇಲ್ಲ. ಅದು ಮನೆಯಲ್ಲೇ ಗೊಬ್ಬರವಾದರೆ ಗಾಡಿಯ ಹೊರೆ ಇಳಿಯುತ್ತದೆ, ಪಂಚಾಯತ್ ಪ್ಲಾಸ್ಟಿಕ್ಕಿನ ಕಡೆ ಗಮನ ಕೊಡಬಹುದು.

ಶುರುಮಾಡಲು ಒಳ್ಳೆಯ ಕಾಲ ದೀಪಾವಳಿಯ ನಂತರ. ಮಳೆ ನಿಂತಿರುತ್ತದೆ, ಎಲೆ ಉದುರುವ ದಿನಗಳು ಎದುರಿಗಿರುತ್ತವೆ, ಮುಂದಿನ ಮಳೆಗಾಲಕ್ಕೆ ಮುಂಚೆ ಎರಡು ಸಲ ಗೊಬ್ಬರ ತೆಗೆಯಲು ಪುರುಸೊತ್ತಿರುತ್ತದೆ. ಆಗ ಬುಡ ಬಿಡಿಸುವ ಕಾಲಕ್ಕೆ ಲಾರಿಯ ದಾರಿ ಕಾಯಬೇಕಾಗಿಲ್ಲ. ದನ ಸಾಕುವುದು ಎಲ್ಲರಿಂದ ಆಗದು. ಗೊಬ್ಬರದ ರಾಶಿಯೊಂದನ್ನು ಸಾಕುವುದು ಪ್ರತಿ ಮನೆಗೂ ಸಾಧ್ಯ.